ಎರೆ ನೆಲದಲ್ಲಿ ಪೈಲ್ ಇಳಿಸುವ ಮುನ್ನ

(ಮನೆ ಕಟ್ಟಿಸುವವರು, ಗೌಂಡಿಗಳು, ಸಣ್ಣ ಗುತ್ತಿಗೆದಾರರು ಮತ್ತು ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಧಾರವಾಡದಲ್ಲಿ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಗಾಜಿನ ಜಾಡಿ ಇಟ್ಟಿದ್ದೇನೆ, ನೋಡಿ. ಎರಡರಲ್ಲೂ ಅಳತೆಯ ಗೆರೆಗಳಿವೆ. ನವಲಗುಂದ ಕಡೆಯ ಎರೆ ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿಯಲ್ಲಿ ಸೋಸಿ, ಎರಡಕ್ಕೂ ಸರಿಯಾಗಿ 10 ಗ್ರಾಂ ಹಾಕಿದ್ದೆ. ಒಂದಕ್ಕೆ ನೀರು ತುಂಬಿದೆ, ಇನ್ನೊಂದಕ್ಕೆ ಸೀಮೆಎಣ್ಣೆ. ಅದು ನಿನ್ನೆ ಬೆಳಿಗ್ಗೆ. ಈಗ ಮುಂದೆ ಕೂತವರು ಬಂದು ಓದಿ. ಸೀಮೆಎಣ್ಣೆಯ ಜಾಡಿಯಲ್ಲಿ ಮಣ್ಣು 12ನೇ ಗೆರೆಯಲ್ಲಿ ಕೂತಿದೆ. ನೀರಿನ ಜಾಡಿಯಲ್ಲಿ 21ಕ್ಕೆ ಬಂದಿದೆ. ಅದೇ ಮಣ್ಣು, ಅದೇ ತೂಕ. ನೀರು ಕುಡಿದದ್ದು ಮುಕ್ಕಾಲು ಪಾಲು ಹೆಚ್ಚಿಗೆ ಉಬ್ಬಿದೆ.

ಈ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. 24 ತಾಸು ಕಾಯುವ ತಾಳ್ಮೆ ಇದ್ದರೆ ಸಾಕು. ಉಬ್ಬು 50 ಶೇಕಡಾ ಒಳಗಿದ್ದರೆ ಹೆಚ್ಚು ಚಿಂತೆ ಇಲ್ಲ. 50 ದಾಟಿದರೆ ಎಚ್ಚರ ಬೇಕು. 100 ದಾಟಿದರೆ ಆ ನೆಲದಲ್ಲಿ ಮಾಮೂಲಿ ಪಾಯ ಹಾಕುವ ಮಾತೇ ಬೇಡ. ನಮ್ಮ ಜಾಡಿಯಲ್ಲಿ ಬಂದದ್ದು 75. ಇಷ್ಟು ತಿಳಿಯದೆ ಲಕ್ಷಗಟ್ಟಲೆ ಹಣ ನೆಲದೊಳಗೆ ಹೂತು ಬರುತ್ತೇವಲ್ಲ, ಅದು ನನಗೆ ನಿಜವಾಗಿ ಸಂಕಟ ಕೊಡುವ ವಿಷಯ.

ಸೀಮೆಎಣ್ಣೆಗೆ ಉಬ್ಬದ ಮಣ್ಣು ನೀರಿಗೆ ಯಾಕೆ ಉಬ್ಬುತ್ತದೆ? ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜ ಇದೆ. ಅದರ ಕಣಗಳು ದುಂಡಗಿಲ್ಲ, ತೆಳ್ಳನೆಯ ಹಾಳೆಗಳು. ಒಣ ಜೋಳದ ರೊಟ್ಟಿಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ಕೂತಿರುತ್ತವೆ. ಈ ಹಾಳೆಗಳ ಮೇಲೆ ವಿದ್ಯುತ್ತಿನ ಋಣ ಅಂಶ ಇರುವುದರಿಂದ ನೀರು ಅವುಗಳ ನಡುವೆ ನುಸುಳಿ ಅಂಟಿಕೊಳ್ಳುತ್ತದೆ, ಒಂದನ್ನೊಂದು ದೂರ ತಳ್ಳುತ್ತದೆ. ಸೀಮೆಎಣ್ಣೆಗೆ ಆ ಗುಣ ಇಲ್ಲ. ಈ ಖನಿಜದ ಒಂದೇ ಒಂದು ಗ್ರಾಂ ತೆಗೆದುಕೊಂಡು ಎಲ್ಲ ಹಾಳೆಗಳನ್ನೂ ಬಿಡಿಸಿ ಹಾಸಿದರೆ ಸುಮಾರು 800 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ 8 ಗುಂಟೆ! ಅಷ್ಟು ಜಾಗದ ಮೇಲೆಲ್ಲ ನೀರು ಅಂಟಬಹುದು. ಚೀನಾ ಜೇಡಿಯಲ್ಲಿ ಇರುವ ಕೆಯೋಲಿನೈಟ್ ಖನಿಜಕ್ಕೆ ಇದು 10–20 ಚದರ ಮೀಟರ್ ಅಷ್ಟೇ. ಎರೆಯೂ ಒಂದು ಬಗೆಯ ಜೇಡಿಮಣ್ಣೇ, ಆದರೆ ಜೇಡಿಮಣ್ಣು ಅಂದರೆ ಎಲ್ಲವೂ ಒಂದೇ ಅಲ್ಲ.

ರೈತರಿಗೆ ಇದೇ ಗುಣ ವರ. ನವಲಗುಂದ, ನರಗುಂದ, ಅಣ್ಣಿಗೇರಿಯ ಎರೆ ಹೊಲದಲ್ಲಿ ಮಳೆ ನಿಂತ ಮೇಲೂ ಹಿಂಗಾರಿ ಜೋಳ ಏಳುವುದು ಮಣ್ಣು ಹಿಡಿದಿಟ್ಟ ತೇವದಿಂದಲೇ. ಆದರೆ ಅದೇ ಹೊಲ ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುತ್ತದೆ. ಅಂದರೆ ನೆಲ ಪ್ರತಿ ವರ್ಷ ಏರುತ್ತದೆ, ಇಳಿಯುತ್ತದೆ. ಅದರ ಮೇಲೆ ಮನೆ ಕಟ್ಟಿದರೆ ಮನೆಯೂ ಏರಿಳಿಯಬೇಕು. ಇಡೀ ಮನೆ ಒಂದೇ ಸಮ ಏರಿ ಇಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಹಾಗೆ ಆಗುವುದಿಲ್ಲ. ಮನೆಯ ನಡುವಿನ ನೆಲ ಮುಚ್ಚಿರುತ್ತದೆ, ಅಲ್ಲಿ ತೇವ ಹೆಚ್ಚು ಬದಲಾಗುವುದಿಲ್ಲ. ಹೊರ ಅಂಚು ಮಾತ್ರ ಬಿಸಿಲಿಗೆ ಒಣಗುತ್ತದೆ, ಮಳೆಗೆ ನೆನೆಯುತ್ತದೆ. ಆಗ ಗೋಡೆ ಬಾಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು ನಿಮ್ಮಲ್ಲಿ ಅನೇಕರ ಮನೆಯಲ್ಲಿದೆ, ಅಲ್ವಾ? ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಅಗಲ, ಶ್ರಾವಣದಲ್ಲಿ ಅರ್ಧ ಮುಚ್ಚಿರುತ್ತದೆ. ಅದಕ್ಕೆ ಸಿಮೆಂಟು ಮೆತ್ತಿ ಪ್ರಯೋಜನ ಇಲ್ಲ.

ಪೈಲ್, ಅಂದರೆ ನೆಲದ ಆಳಕ್ಕೆ ಇಳಿಸುವ ಕಾಂಕ್ರೀಟಿನ ಕಂಬ, ಬರುವುದು ಇಲ್ಲಿಯೇ. ನಮ್ಮ ದೇಶದ ಎರೆ ಭೂಮಿಯಲ್ಲಿ ಮಳೆ ಬಿಸಿಲಿನ ಆಟ ಹೆಚ್ಚಾಗಿ ಮೇಲಿನ 3.5 ಮೀಟರ್ ಒಳಗೆ ನಡೆಯುತ್ತದೆ. ಅದರ ಕೆಳಗೆ ವರ್ಷವಿಡೀ ತೇವ ಹೆಚ್ಚು ಕಡಿಮೆ ಒಂದೇ ಸಮ. ಮನೆಯ ಭಾರವನ್ನು ಆ ಶಾಂತ ಪದರಕ್ಕೆ ಒಯ್ದು ಕೊಟ್ಟರೆ ಮುಗಿಯಿತಲ್ಲ ಎಂದು ಅನ್ನಿಸುತ್ತದೆ. ಆದರೆ ಒಂದು ಲೆಕ್ಕ ಮಾಡೋಣ, ವಿದ್ಯಾರ್ಥಿಗಳು ಬರೆದುಕೊಳ್ಳಿ. 300 ಮಿ.ಮೀ. ಅಡ್ಡಳತೆಯ ನೇರವಾದ ಪೈಲ್. ಅದರ ಸುತ್ತಳತೆ ಸುಮಾರು 0.94 ಮೀಟರ್. ಮೇಲಿನ 2 ಮೀಟರ್ ಮಣ್ಣು ಉಬ್ಬುತ್ತಿದೆ. ಮಣ್ಣು ಪೈಲನ್ನು ಚದರ ಮೀಟರಿಗೆ 5 ಟನ್ ಬಲದಿಂದ ಹಿಡಿದಿದೆ ಎಂದು ಇಟ್ಟುಕೊಳ್ಳಿ. ಗುಣಿಸಿದರೆ 9.4 ಟನ್. ಉಬ್ಬುವ ಮಣ್ಣು ಪೈಲನ್ನು ಅಷ್ಟು ಬಲದಿಂದ ಮೇಲಕ್ಕೆ ಎಳೆಯುತ್ತಿದೆ. ಒಂದೇ ಅಂತಸ್ತಿನ ಮನೆಯಲ್ಲಿ ಒಂದು ಪೈಲಿನ ಮೇಲೆ ಕೂರುವ ಭಾರ ಇದಕ್ಕಿಂತ ಕಡಿಮೆ ಇರಬಹುದು. ಆಗ ನಾವು ಭಾರ ಹೊರಲು ಹಾಕಿದ ಪೈಲನ್ನು ಮಣ್ಣು ಕಿತ್ತು ಮೇಲೆತ್ತುತ್ತದೆ. ದೊಡ್ಡ ಕಟ್ಟಡಕ್ಕಿಂತ ಸಣ್ಣ ಮನೆಗಳೇ ಎರೆ ನೆಲದಲ್ಲಿ ಜಾಸ್ತಿ ಒಡೆಯುವುದಕ್ಕೆ ಇದೇ ಕಾರಣ. ಮನೆ ಹಗುರ, ಮಣ್ಣಿನ ಎಳೆತ ಭಾರಿ.

ಇದಕ್ಕೆ ನಮ್ಮ ದೇಶದಲ್ಲೇ ಒಂದು ಉತ್ತರ ಸಿಕ್ಕಿತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯಲ್ಲಿ 1950ರ ದಶಕದಿಂದ ಡಾ. ದಿನೇಶ್ ಮೋಹನ್ ಮತ್ತು ಸಂಗಡಿಗರು ಎರೆ ಮಣ್ಣಿಗಾಗಿಯೇ ಅಂಡರ್‌ರೀಮ್ಡ್ ಪೈಲನ್ನು ಬೆಳೆಸಿದರು. ಸೈಟಿನಲ್ಲಿ ನಾವು ಬಲ್ಬ್ ಪೈಲ್ ಅನ್ನುತ್ತೇವೆ. ಮೇಲೆ ತೆಳ್ಳಗಿನ ಕಾಂಡ, ತಳದ ಹತ್ತಿರ ಗಡ್ಡೆ. ಗಡ್ಡೆಯ ಅಡ್ಡಳತೆ ಕಾಂಡದ ಎರಡೂವರೆ ಪಟ್ಟು. 300ರ ಕಾಂಡಕ್ಕೆ 750ರ ಗಡ್ಡೆ. ಅಡ್ಡಳತೆ ಎರಡೂವರೆ ಪಟ್ಟಾದರೆ ತಳದ ವಿಸ್ತಾರ ಆರೂಕಾಲು ಪಟ್ಟು ಆಗುತ್ತದೆ. ಭಾರ ಕೆಳಗೆ ಇಳಿಯಲು ಅಗಲವಾದ ಪಾದ ಸಿಕ್ಕಿತು. ಮಣ್ಣು ಮೇಲಕ್ಕೆ ಎಳೆದಾಗ ಅದೇ ಗಡ್ಡೆ ಲಂಗರಿನ ಹಾಗೆ ಕೆಳಗಿನ ಪದರವನ್ನು ಕಚ್ಚಿ ಹಿಡಿಯುತ್ತದೆ. ಕಾಂಡ ತೆಳ್ಳಗಿರುವುದರಿಂದ ಉಬ್ಬುವ ಮಣ್ಣಿಗೆ ಹಿಡಿಯಲು ಮೈಯೂ ಕಡಿಮೆ ಸಿಗುತ್ತದೆ. ಇಷ್ಟು ಸರಳವಾದ, ಇಷ್ಟು ಸರಿಯಾದ ಉಪಾಯವನ್ನು ಕಂಡಾಗ ನನಗೆ ಇವತ್ತಿಗೂ ಸಂತೋಷವಾಗುತ್ತದೆ.

ಗೌಂಡಿಗಳಿಗೆ ಇಲ್ಲಿ ಒಂದು ಮಾತು. ಪೈಲ್ ಎಂದರೆ ಒತ್ತುವ ಭಾರ ಮಾತ್ರ ಎಂದುಕೊಂಡು ಸರಳುಗಳನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಎರೆ ಮಣ್ಣಿನಲ್ಲಿ ಪೈಲ್ ಎಳೆತಕ್ಕೂ ಸಿಗುತ್ತದೆ. ಎಳೆತವನ್ನು ಕಾಂಕ್ರೀಟು ತಾಳುವುದಿಲ್ಲ, ಕಬ್ಬಿಣವೇ ತಾಳಬೇಕು. ಸರಳು ತುದಿಯವರೆಗೂ, ಗಡ್ಡೆಯೊಳಗೂ ಹೋಗಲೇಬೇಕು.

ಈ ಗಡ್ಡೆ ಕೊರೆಯುವ ಕೆಲಸವನ್ನು ನೋಡದವರಿಗೆ ಹೇಳುತ್ತೇನೆ. ಮುಕ್ಕಾಲಿ ನಿಲ್ಲಿಸಿ ತಿರುಪಿನಂಥ ಅಗರ್‌ನಿಂದ ಮೊದಲು ನೇರ ತೂತು ಕೊರೆಯುತ್ತಾರೆ. ಆಮೇಲೆ ಇನ್ನೊಂದು ಸಲಕರಣೆ ಇಳಿಯುತ್ತದೆ. ಅದರ ಕೆಳಗೆ ಬಕೆಟ್ಟು, ಮೇಲೆ ಮಡಚಿದ ಅಲಗುಗಳು. ಒತ್ತಿ ತಿರುಗಿಸಿದರೆ ಅಲಗು ಅಗಲವಾಗಿ ಬಿಚ್ಚಿಕೊಂಡು ಪಕ್ಕದ ಮಣ್ಣನ್ನು ಹೆರೆಯುತ್ತದೆ, ಹೆರೆದದ್ದು ಬಕೆಟ್ಟಿಗೆ ಬೀಳುತ್ತದೆ. ಎತ್ತಿ ಸುರಿಯುವುದು, ಮತ್ತೆ ಇಳಿಸುವುದು. ಗಡ್ಡೆ ಪೂರ್ತಿ ಆಯಿತೆಂದು ಕಣ್ಣಿಗೆ ಕಾಣುವುದಿಲ್ಲ. ಸಲಕರಣೆಯ ರಾಡಿನ ಮೇಲೆ ಮೊದಲೇ ಗುರುತು ಹಾಕಿರಬೇಕು. ಗುರುತು ಮುಟ್ಟಿ, ಅಲಗು ಏನೂ ಹೆರೆಯದೆ ಸುಮ್ನೆ ತಿರುಗಿದಾಗ ಆಯಿತು ಎಂದು ಅರ್ಥ. ಸಂಜೆ ಆಯಿತು, ಕೈ ಸೋತಿತು ಎಂದು ಎರಡು ಬಕೆಟ್ ಕಡಿಮೆ ತೆಗೆದರೆ ಹೇಳುವವರಿಲ್ಲ, ಕೇಳುವವರಿಲ್ಲ. ಅದಕ್ಕೇ ಮನೆಯ ಯಜಮಾನರು ಆ ಹೊತ್ತಿಗೆ ಅಲ್ಲಿ ನಿಂತಿರಬೇಕು.

ಇಲ್ಲಿ ಜೇಡಿಮಣ್ಣಿನ ಉಪಕಾರವನ್ನೂ ನೆನೆಯಬೇಕು. 750ರ ಗಡ್ಡೆಯ ಮೇಲೆ ಮಣ್ಣಿನ ಚಾವಣಿ ಯಾವ ಆಧಾರವೂ ಇಲ್ಲದೆ ನಿಂತಿರುತ್ತದೆ. ಗಟ್ಟಿ ಜೇಡಿಗೆ ಅಂಟು ಇರುವುದರಿಂದ ಅದು ಸಾಧ್ಯ. ಉಸುಕಿನಲ್ಲಿ ಈ ಗಡ್ಡೆ ನಿಮಿಷವೂ ನಿಲ್ಲುವುದಿಲ್ಲ. ಸಡಿಲ ಗರಸಿನ ಪದರ ಅಡ್ಡ ಬಂದರೆ, ನೀರಿನ ಸೆಲೆ ಸಿಕ್ಕರೆ ಅಲ್ಲಿ ಗಡ್ಡೆ ಮಾಡಬಾರದು. ಇನ್ನೂ ಆಳಕ್ಕೆ ಹೋಗಬೇಕು, ಇಲ್ಲವೇ ಬೇರೆ ಬಗೆಯ ಪೈಲ್ ಯೋಚಿಸಬೇಕು. ಎರಡು ಕಡೆ ತೂತು ಕೊರೆದು ಮಣ್ಣಿನ ಪದರ ನೋಡಿ ಎಂದು ನಾವು ಗಂಟಲು ಹರಿಯುವಂತೆ ಹೇಳುವುದು ಇದಕ್ಕಾಗಿಯೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ತೂತು ಕೊರೆದ ಗಳಿಗೆಯಿಂದ ಕಾಂಕ್ರೀಟು ಬೀಳುವ ಗಳಿಗೆಯವರೆಗೆ ಜೇಡಿಮಣ್ಣು ಸುಮ್ಮನೆ ಕಾದು ಕೂತಿರುವುದಿಲ್ಲ. ಕೊರೆಯುವ ಮುಂಚೆ ಸುತ್ತಲಿನ ಮಣ್ಣು ಒಂದನ್ನೊಂದು ಒತ್ತಿ ಹಿಡಿದಿತ್ತು. ನಡುವಿನ ಮಣ್ಣನ್ನು ನಾವು ತೆಗೆದೆವು. ಒತ್ತಡ ಸಡಿಲವಾಯಿತು. ಸಡಿಲವಾದ ಕಡೆಗೆ ಒಳಗಿನ ತೇವ ಮೆಲ್ಲಗೆ ಹರಿದು ಬರುತ್ತದೆ. ತೂತಿನ ಗೋಡೆ ಒಂದು ತೆಳ್ಳನೆಯ ಪದರದಷ್ಟು ಮೆತ್ತಗಾಗುತ್ತದೆ. ಹಸಿ ಕಾಂಕ್ರೀಟಿನ ನೀರು ಅದಕ್ಕೆ ಸೇರುತ್ತದೆ. ಪೈಲನ್ನು ಹಿಡಿಯಬೇಕಾದದ್ದು ಇದೇ ಪದರ! ಲಂಡನ್ನಿನ ಗಟ್ಟಿ ಜೇಡಿಯಲ್ಲಿ ಕೊರೆದು ಹಾಕಿದ ಪೈಲುಗಳ ಭಾರ ಪರೀಕ್ಷೆಗಳನ್ನು ಒಟ್ಟು ಮಾಡಿ ಪ್ರೊಫೆಸರ್ ಸ್ಕೆಂಪ್ಟನ್ ಅವರು 1959ರಲ್ಲಿ ಒಂದು ಲೆಕ್ಕ ಕೊಟ್ಟರು. ಮಣ್ಣಿನ ಒಟ್ಟು ಬಲದಲ್ಲಿ ಸರಾಸರಿ 0.45 ಪಾಲು ಮಾತ್ರ ಪೈಲಿನ ಮೈ ಹಿಡಿಯಲು ಸಿಗುತ್ತದೆ. ಅರ್ಧಕ್ಕಿಂತ ಕಡಿಮೆ. ಕೆಲಸ ನಿಧಾನವಾದಷ್ಟೂ, ನೀರು ಒಳಗೆ ಹೋದಷ್ಟೂ ಆ ಪಾಲು ಕರಗುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಆದರೆ ಸೈಟಿನಲ್ಲೇ ಕಲಿತೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಒಂದು ಗೋದಾಮಿನ ಕೆಲಸ. ಶನಿವಾರ ಯಂತ್ರ ಚೆನ್ನಾಗಿ ಓಡಿತು, ಒಂದೇ ದಿನ 12 ತೂತು ಕೊರೆದೆವು. ಕಾಂಕ್ರೀಟು ಸೋಮವಾರ ಹಾಕಿದರಾಯಿತು ಎಂದು ಒಪ್ಪಿದವನು ನಾನೇ. ಭಾನುವಾರ ರಾತ್ರಿ ಮಳೆ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಮೂರು ತೂತಿನಲ್ಲಿ ಗಡ್ಡೆಯ ಚಾವಣಿ ಕುಸಿದಿತ್ತು. ಆ ಮೂರನ್ನು ಮತ್ತೆ ಕೊರೆಸಿದೆವು. ಉಳಿದ ಒಂಬತ್ತರ ನೀರು ಎತ್ತಿಸಿ, ತಳದ ರಾಡಿ ತೆಗೆಸಿ, ಸರಿ ಇದೆ ಎಂದು ಕಾಂಕ್ರೀಟು ಹಾಕಿಸಿದೆ. ಮುಂದೆ ಭಾರ ಪರೀಕ್ಷೆಗೆ ಆ ಒಂಬತ್ತರಲ್ಲಿ ಒಂದು ಆಯ್ಕೆಯಾಯಿತು. ಹೊರಬೇಕಾದ ಭಾರದ ಒಂದೂವರೆ ಪಟ್ಟು ಹೇರಬೇಕು. ಒಂದು ಪಟ್ಟು ಮುಟ್ಟುವ ಮುಂಚೆಯೇ ಪೈಲ್ ಎಷ್ಟು ಇಳಿಯಿತೆಂದು ತೋರಿಸುವ ಡಯಲ್ ಗೇಜಿನ ಮುಳ್ಳು ನಿಲ್ಲದೆ ತಿರುಗುತ್ತಾ ಹೋಯಿತು. ಪಕ್ಕದಲ್ಲಿ ಇನ್ನಷ್ಟು ಪೈಲ್ ಹಾಕಬೇಕಾಯಿತು. ಅವತ್ತಿನಿಂದ ನನ್ನದು ಒಂದೇ ನಿಯಮ. ಇವತ್ತು ಎಷ್ಟು ತೂತಿಗೆ ಕಾಂಕ್ರೀಟು ಹಾಕಬಲ್ಲಿರೋ ಅಷ್ಟೇ ಕೊರೆಯಿರಿ. ತೂತಿನ ಸುತ್ತ ಗೇಣು ಎತ್ತರದ ಒಡ್ಡು ಕಟ್ಟಿ. ಕಾಂಕ್ರೀಟು ಸುರಿಯುವ ಮುಂಚೆ ತಳ ಮುಟ್ಟಿ ನೋಡಿ.

ಯಾವ ಕಾಲದಲ್ಲಿ ಕೆಲಸ ಮಾಡಬೇಕು ಎಂದು ತುಂಬಾ ಜನ ಕೇಳುತ್ತಾರೆ. ಕಡು ಬೇಸಿಗೆಯಲ್ಲಿ ಎರೆ ಮಣ್ಣು ಕಲ್ಲಿನಂತೆ ಇರುತ್ತದೆ, ಬಿರುಕು ಬಿಟ್ಟಿರುತ್ತದೆ, ಕಾಂಕ್ರೀಟಿನ ನೀರನ್ನು ಹೀರುತ್ತದೆ. ಮಳೆಗಾಲದಲ್ಲಿ ಅಗರ್‌ಗೆ ಮೆತ್ತಿದ ಮಣ್ಣು ಬಿಡಿಸುವುದರಲ್ಲೇ ದಿನ ಹೋಗುತ್ತದೆ. ನನ್ನನ್ನು ಕೇಳಿದರೆ ದೀಪಾವಳಿ ಕಳೆದ ಮೇಲೆ, ಸಂಕ್ರಾಂತಿ ಆಸುಪಾಸಿನವರೆಗೆ.

ಇನ್ನು ದೊಡ್ಡ ಪೈಲುಗಳು. ಸೇತುವೆ, ಬಹುಮಹಡಿ ಕಟ್ಟಡಗಳಿಗೆ ಆಳವಾಗಿ, ನೀರಿನ ಮಟ್ಟದ ಕೆಳಗೂ ಕೊರೆಯಬೇಕಾಗುತ್ತದೆ. ಅಲ್ಲಿ ಮೆತ್ತನೆಯ ಮಣ್ಣು ತೂತಿನೊಳಗೆ ತಾನೇ ನುಗ್ಗುತ್ತದೆ. ನಮ್ಮ ಕರಾವಳಿಯವರಿಗೆ ಶೇಡಿ ಮಣ್ಣು ಗೊತ್ತು. ಮುರಕಲ್ಲಿನ ಕೆಳಗೆ ಬಿಳಿ, ಹಳದಿ, ಗುಲಾಬಿ ಬಣ್ಣದಲ್ಲಿ ಇರುತ್ತದೆ. ಒಣಗಿದ್ದಾಗ ಗುದ್ದಲಿಗೂ ಗಟ್ಟಿ, ನೀರು ತುಂಬಿದರೆ ಬಲವೆಲ್ಲ ಹೋಗಿ ಜಾರುತ್ತದೆ. ಇಂಥ ಕಡೆ ತೂತಿಗೆ ಬೆಂಟೋನೈಟ್ ಕಲಸಿದ ನೀರು ತುಂಬಿ ಗೋಡೆಯನ್ನು ನಿಲ್ಲಿಸುತ್ತೇವೆ. ಈ ಬೆಂಟೋನೈಟ್ ಏನು ಗೊತ್ತಾ? ಗುಜರಾತಿನ ಕಚ್ಛ್ ಕಡೆಯಿಂದ ಬರುವ ಜೇಡಿ. ಅದರ ಮುಖ್ಯ ಖನಿಜ ಅದೇ ಮಾಂಟ್‌ಮೊರಿಲ್ಲೊನೈಟ್! ನಿಮ್ಮ ಮನೆಯ ಗೋಡೆ ಸೀಳಿದ ಖನಿಜವೇ ಇಲ್ಲಿ ತೂತಿನ ಗೋಡೆ ಕಾಯುತ್ತದೆ. ನೀರನ್ನು ಹಿಡಿದು ಉಬ್ಬುವ ಗುಣದಿಂದಲೇ ಅದು ಗಂಜಿಯಂತೆ ನಿಂತು ಗೋಡೆಗೆ ತೆಳ್ಳನೆಯ ಪೊರೆ ಕಟ್ಟುತ್ತದೆ.

ಪೊರೆ ತೆಳ್ಳಗಿದ್ದರೆ ಒಳ್ಳೆಯದು. ತೂತನ್ನು ರಾತ್ರಿಯೆಲ್ಲ ಹಾಗೇ ಬಿಟ್ಟರೆ ಪೊರೆ ದಪ್ಪವಾಗುತ್ತದೆ, ಉಸುಕು ತಳಕ್ಕೆ ಕೂರುತ್ತದೆ. ಆಗ ಪೈಲಿನ ಮೈಗೂ ಹಿಡಿತ ಇಲ್ಲ, ಪಾದಕ್ಕೂ ಗಟ್ಟಿ ನೆಲ ಇಲ್ಲ. ಆದ್ದರಿಂದ ಕಾಂಕ್ರೀಟಿಗೆ ಮುಂಚೆ ಹೊಸ ಗಂಜಿ ಹರಿಸಿ ತಳ ತೊಳೆಯಬೇಕು. ಕಾಂಕ್ರೀಟನ್ನು ಟ್ರೆಮಿ ಎಂಬ ತಳ ಮುಟ್ಟುವ ಉದ್ದ ಪೈಪಿನಿಂದ ತಳದಿಂದಲೇ ತುಂಬುತ್ತಾ ಬರಬೇಕು. ಪೈಪಿನ ತುದಿ ಯಾವಾಗಲೂ ಹಸಿ ಕಾಂಕ್ರೀಟಿನೊಳಗೆ ಒಂದೆರಡು ಮೀಟರ್ ಮುಳುಗಿರಬೇಕು. ಅವಸರದಲ್ಲಿ ಪೈಪು ಮೇಲೆ ಎಳೆದರೆ ನಡುವೆ ಮಣ್ಣು ಸೇರಿ ಪೈಲಿಗೆ ಸೊಂಟ ಬರುತ್ತದೆ, ಅಂದರೆ ಅಲ್ಲಿ ಪೈಲ್ ಸಣ್ಣಗಾಗುತ್ತದೆ.

ಕೊರೆಯದೆ ಹೊಡೆದು ಇಳಿಸುವ ಪೈಲುಗಳ ಕಥೆಯೇ ಬೇರೆ. 300 ಮಿ.ಮೀ. ಚೌಕದ, 15 ಮೀಟರ್ ಉದ್ದದ ಒಂದು ಪೈಲ್ 1.35 ಘನ ಮೀಟರ್ ಜಾಗ ತೆಗೆದುಕೊಳ್ಳುತ್ತದೆ. ನೂರು ಹೊಡೆದರೆ 135 ಘನ ಮೀಟರ್. ಅಷ್ಟು ಮಣ್ಣು ಎಲ್ಲಿಗೆ ಹೋಗಬೇಕು? ಉಸುಕಾದರೆ ಅದುಮಿಕೊಂಡು ಗಟ್ಟಿಯಾಗುತ್ತದೆ. ನೀರು ತುಂಬಿದ ಜೇಡಿ ಕೂಡಲೇ ಅದುಮಿಕೊಳ್ಳುವುದಿಲ್ಲ, ಯಾಕೆಂದರೆ ಒಳಗಿನ ನೀರು ಹೊರಬರಲು ವಾರಗಳು ಬೇಕು. ಹಾಗಾಗಿ ನೆಲ ಉಬ್ಬುತ್ತದೆ, ಪಕ್ಕಕ್ಕೆ ತಳ್ಳುತ್ತದೆ. ಮೊದಲು ಹೊಡೆದ ಪೈಲುಗಳು ಮೇಲೆ ಏಳುತ್ತವೆ. ಪಕ್ಕದ ಮನೆಯ ಕಾಂಪೌಂಡ್ ಬಿರಿಯುತ್ತದೆ. ಪ್ರತಿ ಪೈಲಿನ ತಲೆಯ ಮಟ್ಟ ಬರೆದಿಟ್ಟು, ಎದ್ದವನ್ನು ಮತ್ತೆ ಹೊಡೆಯಬೇಕು. ನಡುವಿನಿಂದ ಶುರು ಮಾಡಿ ಹೊರಗೆ ಬರಬೇಕು.

ಮೆತ್ತನೆಯ ಜೇಡಿಯಲ್ಲಿ ಹೊಡೆಯುವಾಗ ಪೈಲ್ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುವುದುಂಟು. ಹೊಸ ಇಂಜಿನಿಯರುಗಳು ಗಾಬರಿಯಾಗಿ ಇನ್ನೂ ಉದ್ದದ ಪೈಲ್ ತರಿಸುತ್ತಾರೆ. ಪೆಟ್ಟಿಗೆ ಮಣ್ಣು ಕದಡಿದೆ, ಒಳಗಿನ ನೀರಿನ ಒತ್ತಡ ಏರಿದೆ, ಸದ್ಯಕ್ಕೆ ಬಲ ಇಲ್ಲ. ಬಿಡಿ. ನೀರು ಮೆಲ್ಲಗೆ ಬಸಿದು ಹೋಗಲಿ. ಕೆಲವು ವಾರ ಬಿಟ್ಟು ಅದೇ ಪೈಲನ್ನು ಹೊಡೆದು ನೋಡಿದರೆ ಅದೇ ಸುತ್ತಿಗೆಗೆ ಕದಲುವುದೇ ಕಷ್ಟ. ಕೊರೆದ ತೂತಿನಲ್ಲಿ ಕಾಯುವುದು ನಷ್ಟ ಎಂದೆ. ಹೊಡೆದ ಪೈಲಿನಲ್ಲಿ ಕಾಯುವುದೇ ಲಾಭ. ಜೇಡಿಯಲ್ಲಿ ಕೆಲಸ ಮಾಡುವವರು ಕಾಲವನ್ನೂ ಸಿಮೆಂಟು, ಕಬ್ಬಿಣದ ಹಾಗೆ ಲೆಕ್ಕಕ್ಕೆ ಹಿಡಿಯಬೇಕು.

ಪೈಲ್ ನಿಂತಿದ್ದು ನೆಲವೇ ಇಳಿದರೆ ಏನಾಗುತ್ತದೆ? ಮೆಕ್ಸಿಕೋ ನಗರವನ್ನು ಹಳೆಯ ಕೆರೆಯ ಜೇಡಿಯ ಮೇಲೆ ಕಟ್ಟಿದ್ದಾರೆ. ಅಂತರ್ಜಲ ಎತ್ತಿದಂತೆಲ್ಲ ಆ ಜೇಡಿ ಹಿಂಡಿದ ಸ್ಪಂಜಿನ ಹಾಗೆ ಕುಗ್ಗಿ, ನಗರದ ಕೆಲವು ಭಾಗ 9 ಮೀಟರಿಗೂ ಜಾಸ್ತಿ ಕೆಳಗೆ ಹೋಗಿದೆ. ಅಲ್ಲಿ 1910ರಲ್ಲಿ ಸ್ವಾತಂತ್ರ್ಯದ ನೆನಪಿಗೆ ಒಂದು ಎತ್ತರದ ಕಂಬ ನಿಲ್ಲಿಸಿದರು, ತುದಿಯಲ್ಲಿ ದೇವತೆಯ ವಿಗ್ರಹ. ಅದರ ಅಡಿಪಾಯ ಆಳಕ್ಕೆ ಇತ್ತು. ಸುತ್ತಲಿನ ರಸ್ತೆ ಇಳಿಯುತ್ತಾ ಹೋಯಿತು, ಕಂಬ ಅಷ್ಟು ಇಳಿಯಲಿಲ್ಲ. ಕೊನೆಗೆ ಹತ್ತಿ ಹೋಗಲು ಬುಡಕ್ಕೆ ಹೊಸದಾಗಿ 14 ಮೆಟ್ಟಿಲು ಕಟ್ಟಬೇಕಾಯಿತು. ಅದೇ ನಗರದಲ್ಲಿ 1956ರಲ್ಲಿ ಮುಗಿದ ಟೊರ್ರೆ ಲ್ಯಾಟಿನೋಅಮೆರಿಕಾನಾ ಎಂಬ 44 ಅಂತಸ್ತಿನ ಕಟ್ಟಡವನ್ನು ಸುಮಾರು 33 ಮೀಟರ್ ಆಳದ 361 ಪೈಲುಗಳ ಮೇಲೆ ನಿಲ್ಲಿಸಿದರು. ಅದು 1957ರ ಮತ್ತು 1985ರ ಭೂಕಂಪಗಳನ್ನು ತಾಳಿಕೊಂಡಿತು. ಲಿಯೊನಾರ್ಡೊ ಸೀವರ್ಟ್ ಎಂಬ ಇಂಜಿನಿಯರ್ ಮೊದಲು ವರ್ಷಗಟ್ಟಲೆ ಆ ಜೇಡಿಯನ್ನೇ ಓದಿದ್ದರು.

ಇಳಿಯುವ ಮಣ್ಣು ಪೈಲಿನ ಮೈ ಹಿಡಿದು ಕೆಳಗೆ ಜಗ್ಗುತ್ತದೆ. ಕೆರೆ, ಹಳ್ಳ ತುಂಬಿಸಿ ಮಾಡಿದ ಬಡಾವಣೆಗಳಲ್ಲಿ ಇದೇ ಆಗುವುದು. ಹೊಸದಾಗಿ ಹಾಕಿದ ಮಣ್ಣಿನ ಭಾರಕ್ಕೆ ತಳದ ಜೇಡಿ ವರ್ಷಗಟ್ಟಲೆ ಕುಗ್ಗುತ್ತದೆ. ಹೊರಬೇಕಾದ ಮನೆಯ ಜೊತೆ ಈ ಜಗ್ಗಾಟವನ್ನೂ ಪೈಲ್ ಹೊರಬೇಕು. ಉಬ್ಬುವ ಮಣ್ಣು ಎತ್ತುತ್ತದೆ, ಕುಗ್ಗುವ ಮಣ್ಣು ಎಳೆಯುತ್ತದೆ.

ಕೊನೆಗೆ ಪೈಲಿನ ತಲೆಯ ಮಾತು. ಪೈಲುಗಳ ಮೇಲೆ ಬೀಮ್ ಹಾಕಿ ಅದರ ಮೇಲೆ ಗೋಡೆ ಏಳಿಸುತ್ತೇವೆ. ಎರೆ ನೆಲದಲ್ಲಿ ಆ ಬೀಮಿನ ತಳಕ್ಕೂ ನೆಲಕ್ಕೂ ನಡುವೆ ಕಡಿಮೆ ಎಂದರೆ 80 ಮಿ.ಮೀ. ಸಂದು ಇರಬೇಕು. ಮಣ್ಣು ಉಬ್ಬಿ ಬಂದರೆ ಆ ಸಂದಿನಲ್ಲಿ ಬಂದು ಹೋಗಲಿ ಎಂದು. ಉಸುಕು ಹಾಸಿ ಅದರ ಮೇಲೆ ಬೀಮ್ ಎರಕ ಹಾಕಿ, ಗಟ್ಟಿಯಾದ ಮೇಲೆ ಉಸುಕನ್ನು ಕೆರೆದು ತೆಗೆಯುತ್ತೇವೆ. ಎಷ್ಟೋ ಮನೆಗಳಲ್ಲಿ ಪೈಲ್ ಸರಿ ಇದೆ, ಗಡ್ಡೆ ಸರಿ ಇದೆ, ಆದರೂ ಗೋಡೆ ಬಿರಿದಿದೆ. ಅಗೆದು ನೋಡಿದರೆ ಸಂದಿನ ತುಂಬ ಕಲ್ಲು ಮಣ್ಣು. ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆ ಅಂದುಕೊಂಡು ಮನೆಯವರೇ ಒಳ್ಳೆಯ ಮನಸ್ಸಿನಿಂದ ತುಂಬಿಸಿರುತ್ತಾರೆ. ಮೊದಲ ಮಳೆಗೆ ಮಣ್ಣು ಆ ಕಲ್ಲುಗಳ ಮೂಲಕ ಬೀಮನ್ನೇ ಎತ್ತುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ವಯಸ್ಸಾದ ಗೌಂಡಿ ಎದ್ದು ಕೇಳಿದರು: "ಸರ್, ಸಂದು ಬಿಟ್ರ ಹೆಗ್ಗಣ, ಹಾವು ಹೊಕ್ಕಾವಲ್ರಿ. ಮಾಲಕ್ರು ನಮಗ ಬೈತಾರ."

ನಿಜ, ಅದು ನಾನು ಹೇಳಲೇಬೇಕಾಗಿದ್ದ ವಿಷಯ. ಬೀಮಿನ ಎರಡೂ ಪಕ್ಕಕ್ಕೆ, ಅದಕ್ಕೆ ತಾಗದ ಹಾಗೆ, ಇಟ್ಟಿಗೆಯ ಸಣ್ಣ ಗೋಡೆ ಕಟ್ಟಿ ಸಂದನ್ನು ಮರೆ ಮಾಡಬೇಕು. ಬೀಮಿನ ಕೆಳಗೆ ಮಾತ್ರ ಒಂದು ಚೂರು ಇಟ್ಟಿಗೆಯೂ ಹೋಗಬಾರದು. ವೇದಿಕೆ ಇಳಿದು ಹೋಗಿ ಅವರಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಅದನ್ನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, "ನಾಳೆ ಒಂದು ಮನಿ ಬೀಮ್ ಐತ್ರಿ, ಅಲ್ಲೇ ಮಾಡ್ತೇನಿ" ಅಂದರು.